ಬದುಕಿನ ಮುಯ್ಯಿ ಪುಸ್ತಕ

ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನ ಸೀಮೆಯ ಮದುವೆಗಳಲ್ಲಿ ಒಬ್ಬರು ಮುಯ್ಯಿ, ಅಂದರೆ ಬಂದವರು ಕೊಡುವ, ಮುಂದೆ ನಾವೂ ತಿರುಗಿ ಕೊಡಬೇಕಾದ ಉಡುಗೊರೆ ಹಣ, ಬರೆಯಲೆಂದೇ ಪುಸ್ತಕ ಹಿಡಿದು ಕೂರುತ್ತಾರೆ. ಹೆಸರು, ಊರು, ಮೊತ್ತ. 'ಎಲ್ಲರೂ ಕೊಟ್ಟರು' ಎಂದು ಯಾರೂ ಬರೆಯುವುದಿಲ್ಲ. 60 ದಾಟಿದವರು ಕಳೆದ ಬದುಕನ್ನು ನೆನೆಯುವಾಗಲೂ ಇದೇ ಕ್ರಮ ಒಳ್ಳೆಯದು. 'ಹೇಗೋ ದೇವರು ನಡೆಸಿದ' ಅಂದುಬಿಟ್ಟರೆ ಉಪಕಾರಗಳೆಲ್ಲ ಮಸುಕಾಗಿ, ನೋವು ಮಾತ್ರ ದಿನ, ವಾರದ ಸಮೇತ ಉಳಿದುಬಿಡುತ್ತದೆ.

ನೂರು ಹಾಳೆಯ ನೋಟುಪುಸ್ತಕ ಸಾಕು. ಬದುಕಿನ ಹತ್ತು ವರ್ಷಕ್ಕೆ ಹತ್ತು ಹಾಳೆ ಬಿಡಿ. ಇಸವಿ ನೆನಪಾಗದಿದ್ದರೆ ಊರಿನ ಗುರುತು ಹಿಡಿಯಿರಿ: ಗೊರೂರು ಅಣೆಕಟ್ಟು ಮುಗಿದ 1979, ಬ್ರೆಜಿಲಿನಲ್ಲಿ ಹಿಮ ಬಿದ್ದು ಇಲ್ಲಿ ಕಾಫಿ ದರ ಏರಿದ 1994. ಅದಕ್ಕೆ ಮೊದಲೋ, ಆಮೇಲೋ ಎಂದು ಕೇಳಿಕೊಳ್ಳಿ.

ಬಲಪುಟದಲ್ಲಿ ಬಿದ್ದ ಪೆಟ್ಟು ಬರೆಯಿರಿ. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟದ್ದು, ಕಾಂಡಕೊರಕ ಹುಳು ಹತ್ತಿ ಅರೇಬಿಕಾ ಕಾಫಿ ಗಿಡ ಕಿತ್ತು ಸುಟ್ಟದ್ದು, ಪಾಲಿನ ಜಗಳ. ಎಡಪುಟದಲ್ಲಿ ಆ ಹೊತ್ತಿಗೆ ಆದವರು: ಎರಡು ಪಲ್ಲ ಭತ್ತ ಕೊಟ್ಟವರು, ನಾಲ್ಕು ದಿನ ನಾಟಿಗೆ ಬಂದವರು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೂತವರು. ಎಡಪುಟ ಖಾಲಿ ಉಳಿದರೆ ಉಳಿಯಲಿ. ಬಲವಂತಕ್ಕೆ ತುಂಬಿದರೆ ಮನಸ್ಸು ಒಪ್ಪುವುದಿಲ್ಲ, ನಾಲ್ಕು ದಿನಕ್ಕೆ ಪುಸ್ತಕ ಅಟ್ಟ ಸೇರುತ್ತದೆ.

ವಾರಕ್ಕೆ ಎರಡು ಸಲ, ಬೆಳಗಿನ ಕಾಫಿಯಾದ ಮೇಲೆ 20 ನಿಮಿಷ. ರಾತ್ರಿ ಬೇಡವೇ ಬೇಡ. ಒಂದೇ ನೋವು ಸುತ್ತಿ ಸುತ್ತಿ ಬಂದು ನಿದ್ದೆ ಕೆಡುತ್ತದೆ. ಮೊಮ್ಮಗಳೋ ಗೆಳೆಯರೋ ಪಕ್ಕದಲ್ಲಿ ಕೂತು ಕೇಳಿದರೆ ಇನ್ನೂ ಮೇಲು. ಮುಪ್ಪಿನಲ್ಲಿ ಹಳೆಯದನ್ನು ಮೆಲುಕು ಹಾಕುವುದು ಅರಳುಮರಳಲ್ಲ, ಸಹಜವಾದ ಮನೋವ್ಯಾಪಾರ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಮನೆಯವರು ದಯವಿಟ್ಟು 'ಮತ್ತೆ ಅದೇ ಕಥೆ' ಎಂದು ಬಾಯಿ ಮುಚ್ಚಿಸಬೇಡಿ.

ಇನ್ನು ಪಶ್ಚಾತ್ತಾಪ. ತಪ್ಪಿನ ಕೆಳಗೆ ಎರಡು ಸಾಲು ಬರೆಯಿರಿ: ಆಗ ಏನು ಗೊತ್ತಿತ್ತು, ಈಗ ಏನು ಗೊತ್ತಿದೆ. ಇವೆರಡನ್ನೂ ಬೆರೆಸಿಕೊಂಡು, 25ರ ಹುಡುಗನನ್ನು 70ರ ಬುದ್ಧಿಯಿಂದ ದಂಡಿಸುವವರೇ ಹೆಚ್ಚು. ಗೊತ್ತಿದ್ದೂ ಮಾಡಿದ್ದಾದರೆ ಸಮಜಾಯಿಷಿ ಬೇಡ. ನೊಂದವರು ಬದುಕಿದ್ದರೆ ಹೋಗಿ 'ತಪ್ಪಾಯ್ತು' ಅನ್ನಿ.

ಎರಡು ವಾರ ನಿದ್ದೆ, ಊಟ ಸೇರದಿದ್ದರೆ ಬರೆಯುವುದು ನಿಲ್ಲಿಸಿ ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಎಡಪುಟದ ಎಷ್ಟೋ ಮಂದಿ ಈಗ ಇರಲಿಕ್ಕಿಲ್ಲ. ಮುಯ್ಯಿ ಕೊಟ್ಟವರು ತೀರಿಕೊಂಡಿದ್ದರೆ ಅವರ ಮಕ್ಕಳ ಮನೆಯ ಮದುವೆಗೆ ಹೋಗಿ ತೀರಿಸುತ್ತೇವಲ್ಲ, ಹಾಗೆಯೇ ಅವರ ಮಗನನ್ನೋ ಮಗಳನ್ನೋ ಹುಡುಕಿ, 'ಆ ವರ್ಷ ನಿಮ್ಮಪ್ಪ ನಮ್ಮ ಮನೆಗೆ ಎರಡು ಪಲ್ಲ ಭತ್ತ ಹೊರಿಸಿದ್ದರು' ಎಂದು ಹೇಳಿ ಬನ್ನಿ. ಅವರಿಗೆ ಅದು ಗೊತ್ತೇ ಇರುವುದಿಲ್ಲ.

ನಮಸ್ಕಾರ.