ತರಬೇತಿಯ ತಿಂಗಳುಗಳಿಗೆ ಸಂಬಳ ಯಾರು ಕೊಡಬೇಕು?

ಕೇಳುಗರಿಗೆ ನಮಸ್ಕಾರ.

ಪೈಲಟ್ ಆಗುವ ಆಸೆ ಹೊತ್ತ ಮಕ್ಕಳಿರುವ ಮನೆಗಳಲ್ಲಿ ಸಂಬಳದ ಮಾತು ಬಂದೇ ಬರುತ್ತದೆ. ಆಗ ಎಲ್ಲರೂ ಹೇಳುವುದು ದೊಡ್ಡ ವಿಮಾನದ ಹಿರಿಯ ಕ್ಯಾಪ್ಟನ್ನರ ಸಂಬಳವನ್ನು. ಅಮೆರಿಕದ ಡೆಲ್ಟಾ, ಯುನೈಟೆಡ್ ಕಂಪನಿಗಳಲ್ಲಿ ಅಂಥವರಿಗೆ ಗಂಟೆಗೆ 400 ಡಾಲರಿಗೂ ಮಿಕ್ಕಿ ಬರುತ್ತದೆ, ನಿಜ. ಆದರೆ ಆ ಆಸನಕ್ಕೆ ತಲುಪುವ ಹೊತ್ತಿಗೆ ತಲೆಗೂದಲು ನರೆತಿರುತ್ತದೆ. ನಾನು ಇಂದು ಮಾತನಾಡುವುದು ಕೆಲಸಕ್ಕೆ ಸೇರಿದ ಮೊದಲ ವರ್ಷದ ಬಗ್ಗೆ, ಅದರಲ್ಲೂ ತರಬೇತಿಯ ಮೊದಲ ಕೆಲವು ತಿಂಗಳುಗಳ ಬಗ್ಗೆ. ಕಂಪನಿಯೊಂದು ಹೊಸಬರನ್ನು ಹೇಗೆ ಕಾಣುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಅಮೆರಿಕದಲ್ಲಿ ಪೈಲಟ್‌ಗಳಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ. ಆಟೋದ ಮೀಟರಿನಂತೆ ಈ ಗಂಟೆಯ ಎಣಿಕೆ ವಿಮಾನ ನಿಲುಗಡೆಯಿಂದ ಕದಲಿದಾಗ ಶುರುವಾಗಿ, ಇನ್ನೊಂದು ಊರಿನಲ್ಲಿ ನಿಂತಾಗ ಮುಗಿಯುತ್ತದೆ. ಹವಾಮಾನ ವರದಿ ಓದಿದ್ದು, ವಿಮಾನವನ್ನು ಸುತ್ತಿ ಪರೀಕ್ಷಿಸಿದ್ದು, ಮುಂದಿನ ಹಾರಾಟಕ್ಕಾಗಿ ನಿಲ್ದಾಣದಲ್ಲಿ ಕಾದದ್ದು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಹಾಗಾಗಿ ದರಕ್ಕಿಂತ ಮುಖ್ಯವಾದುದು ತಿಂಗಳಿಗೆ ಇಷ್ಟು ಗಂಟೆಯ ಹಣ ಖಚಿತ ಎಂದು ಒಪ್ಪಂದದಲ್ಲಿ ಬರೆದಿರುವ ಖಾತರಿ. ದೊಡ್ಡ ಕಂಪನಿಗಳಲ್ಲಿ ಇದು 70ರಿಂದ 75 ಗಂಟೆಗಳ ಆಸುಪಾಸಿನಲ್ಲಿದೆ. ಗಂಟೆಗೆ 100 ಡಾಲರ್, ತಿಂಗಳಿಗೆ 75 ಗಂಟೆ ಎಂದು ಹಿಡಿದರೆ ವರ್ಷಕ್ಕೆ 90,000 ಡಾಲರ್ ಆಯಿತು. ಮನೆಯಿಂದ ಹೊರಗಿರುವ ಸಮಯಕ್ಕೆ ಸಿಗುವ ಭತ್ಯೆ ಬೇರೆ.

2023ರಲ್ಲಿ ಈ ಲೆಕ್ಕ ಬಹಳ ಬದಲಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಡೆಲ್ಟಾ, ಆಗಸ್ಟ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್, ಸೆಪ್ಟೆಂಬರ್‌ನಲ್ಲಿ ಯುನೈಟೆಡ್ ಪೈಲಟ್‌ಗಳು ಹೊಸ ಒಪ್ಪಂದಗಳಿಗೆ ಮತ ಹಾಕಿದರು. ಡೆಲ್ಟಾ ಒಪ್ಪಂದವೊಂದರಲ್ಲೇ ನಾಲ್ಕು ವರ್ಷಗಳಲ್ಲಿ ಶೇಕಡಾ 34ರಷ್ಟು ಏರಿಕೆ. ಈಗ ಮೂರೂ ಕಡೆ ಹೊಸ ಸಹಪೈಲಟ್‌ಗೆ, ಅಂದರೆ ಫಸ್ಟ್ ಆಫೀಸರ್‌ಗೆ ಗಂಟೆಗೆ 100 ಡಾಲರಿಗಿಂತ ಹೆಚ್ಚು ಸಿಗುತ್ತದೆ. ಎರಡನೇ ವರ್ಷಕ್ಕೆ ಕಾಲಿಟ್ಟೊಡನೆ ದರ ಒಮ್ಮೆಗೇ ಮೇಲಕ್ಕೆ ಜಿಗಿಯುತ್ತದೆ. ಮೂರು ಕಂಪನಿಗಳ ದರಗಳ ನಡುವೆ ಇರುವ ಚಿಕ್ಕ ಅಂತರವನ್ನು ನೋಡಿ ಕಂಪನಿ ಆರಿಸುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ.

ನಿಜವಾಗಿ ನೋಡಬೇಕಾದುದು ತರಬೇತಿಯನ್ನು. ಡೆಲ್ಟಾದವರಿಗೆ ಅಟ್ಲಾಂಟಾ, ಯುನೈಟೆಡ್‌ನವರಿಗೆ ಡೆನ್ವರ್, ಅಮೆರಿಕನ್‌ನವರಿಗೆ ಟೆಕ್ಸಸ್‌ನ ಫೋರ್ಟ್ ವರ್ತ್. ಮೊದಲು ಕಂಪನಿಯ ನಿಯಮಗಳ ಪಾಠ, ನಂತರ ವಿಮಾನದ ವ್ಯವಸ್ಥೆಗಳ ಪಾಠ. ಆಮೇಲೆ ನೆಲದ ಮೇಲೆಯೇ ಹಾರಾಟದ ಅನುಭವ ಕೊಡುವ ಯಂತ್ರದಲ್ಲಿ, ಅಂದರೆ ಸಿಮ್ಯುಲೇಟರಿನಲ್ಲಿ, ಎಂಜಿನ್ ಕೆಟ್ಟಾಗ, ಬೆಂಕಿ ಹೊತ್ತಾಗ ಏನು ಮಾಡಬೇಕೆಂಬ ಅಭ್ಯಾಸ. ಅದರ ಪರೀಕ್ಷೆ ಪಾಸಾದವರಿಗೆ ಆ ಮಾದರಿಯ ವಿಮಾನ ನಡೆಸುವ ಅರ್ಹತೆ, ಅಂದರೆ ಟೈಪ್ ರೇಟಿಂಗ್ ಸಿಗುತ್ತದೆ. ಕೊನೆಗೆ ಪ್ರಯಾಣಿಕರಿರುವ ವಿಮಾನದಲ್ಲಿ ಅನುಭವಿ ತರಬೇತುದಾರರ ಪಕ್ಕದಲ್ಲಿ ಕುಳಿತು ಹಾರಾಟ. ಇದಕ್ಕೆಲ್ಲ ಎರಡು ಮೂರು ತಿಂಗಳು ಬೇಕು. ಈ ದೊಡ್ಡ ಕಂಪನಿಗಳು ಆ ಖರ್ಚನ್ನು ತಾವೇ ಹೊರುತ್ತವೆ, ಕಲಿಯುವವರಿಗೆ ಸಂಬಳವನ್ನೂ ಕೊಡುತ್ತವೆ.

ಇದು ಮೊದಲಿನಿಂದಲೂ ಹೀಗೆ ಇರಲಿಲ್ಲ. ಸೌತ್‌ವೆಸ್ಟ್ ಕಂಪನಿ ಬಹುಕಾಲ ಬೋಯಿಂಗ್ 737ರ ಅರ್ಹತೆಯನ್ನು ಅಭ್ಯರ್ಥಿಗಳೇ ಗಳಿಸಿಕೊಂಡು ಬರಬೇಕೆಂದು ಕೇಳುತ್ತಿತ್ತು. 1990ರ ದಶಕದಲ್ಲಿ ಸಣ್ಣ ಊರುಗಳಿಗೆ ಹಾರುವ ಕೆಲವು ಪ್ರಾದೇಶಿಕ ಕಂಪನಿಗಳು ಕೆಲಸ ಕೊಡುವ ಮೊದಲು ತರಬೇತಿಗೆಂದು ಅಭ್ಯರ್ಥಿಗಳಿಂದಲೇ ಸಾವಿರಾರು ಡಾಲರ್ ವಸೂಲಿ ಮಾಡುತ್ತಿದ್ದವು. ಇನ್ನೂ ಹಿಂದೆ, 1983ರಲ್ಲಿ, ಅಮೆರಿಕನ್ ಏರ್‌ಲೈನ್ಸ್ ಹಳಬರಿಗೆ ಒಂದು, ಹೊಸಬರಿಗೆ ಅದಕ್ಕಿಂತ ಕಡಿಮೆ ಎಂಬ ಎರಡು ಹಂತದ ವೇತನ ತಂದಿತು. ಯುನೈಟೆಡ್ ಕೂಡ ಅದೇ ದಾರಿ ಹಿಡಿಯಹೊರಟಾಗ, 1985ರ ಮೇ 17ರಂದು ಅಲ್ಲಿನ ಪೈಲಟ್‌ಗಳು ಮುಷ್ಕರ ಹೂಡಿದರು. ಅದು 29 ದಿನ ನಡೆಯಿತು.

ಆ ಮುಷ್ಕರದಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟವರು ಆಗಷ್ಟೇ ಕಂಪನಿಯ ತರಬೇತಿ ಪಡೆದಿದ್ದ ಸುಮಾರು 570 ಮಂದಿ ಹೊಸಬರು. ಅವರನ್ನು ಮುಂದಿಟ್ಟುಕೊಂಡು ವಿಮಾನ ಹಾರಿಸಬಹುದೆಂದು ಕಂಪನಿ ನಂಬಿತ್ತು. ಕೆಲಸದ ಭದ್ರತೆಯೇ ಇಲ್ಲದ ಆ ಯುವಕರಲ್ಲಿ ಬಹುತೇಕ ಎಲ್ಲರೂ ಮುಷ್ಕರ ಮುರಿದು ಕೆಲಸಕ್ಕೆ ಹೋಗಲು ಒಪ್ಪಲಿಲ್ಲ. ಅದಕ್ಕಾಗಿ ಕಂಪನಿ ಅವರಿಗೆ ಕೆಲಸ ನಿರಾಕರಿಸಿತು. ಅವರ ಪರವಾಗಿ ಪೈಲಟ್‌ಗಳ ಸಂಘ ನ್ಯಾಯಾಲಯದಲ್ಲಿ ಹೋರಾಡಿತು. ಇಂದು ಹೊಸಬರ ಕೈಗೆ ಬರುವ ಸಂಬಳದ ಹಿಂದೆ ಇಂಥವರ ನಷ್ಟವಿದೆ.

ಕಡಿಮೆ ಸಂಬಳದ ಬೆಲೆ ಏನೆಂಬ ಚರ್ಚೆ ಸಾರ್ವಜನಿಕರ ಮುಂದೆ ಬಂದದ್ದು ಮಾತ್ರ ಒಂದು ದುರಂತದ ನಂತರ. 2009ರ ಫೆಬ್ರುವರಿ 12ರ ರಾತ್ರಿ ನೆವಾರ್ಕ್‌ನಿಂದ ಬಫಲೋಗೆ ಹೊರಟ ಕಾಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ವಿಮಾನದ ವೇಗ ಕುಗ್ಗಿ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಸಂಬಳವನ್ನು ಕಾರಣವೆಂದು ಹೇಳಲಿಲ್ಲ. ಆದರೆ ವಿಚಾರಣೆಯಲ್ಲಿ 24 ವರ್ಷದ ಸಹಪೈಲಟ್‌ನ ವಾರ್ಷಿಕ ವೇತನ ಸುಮಾರು 16,000 ಡಾಲರ್ ಎಂಬ ಮಾತು ಬಂತು. ಕಂಪನಿ ಆಮೇಲೆ ಅದಕ್ಕಿಂತ ಹೆಚ್ಚಿನ ಅಂಕಿ ಕೊಟ್ಟಿತು. ಆಕೆ ವಾಸವಿದ್ದುದು ದೇಶದ ಇನ್ನೊಂದು ಅಂಚಿನಲ್ಲಿ, ಸಿಯಾಟಲ್ ಬಳಿ. ಕೆಲಸಕ್ಕೆಂದು ರಾತ್ರಿಯಿಡೀ ಪ್ರಯಾಣ ಮಾಡಿ ನೆವಾರ್ಕ್ ಸೇರಿದ್ದಳು. ದಣಿದ ದೇಹಕ್ಕೂ ತೆಳ್ಳನೆಯ ಸಂಬಳಕ್ಕೂ ನಂಟಿಲ್ಲವೆಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಅದರ ಬಳಿಕ 2010ರಲ್ಲಿ ಬಂದ ಕಾನೂನಿನಿಂದಾಗಿ, 2013ರಿಂದ ಅಮೆರಿಕದ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಕಡ್ಡಾಯವಾಯಿತು. ಸೇನೆಯಿಂದ ಬಂದವರಿಗೆ, ವಿಮಾನಯಾನದ ಪದವಿ ಓದಿದವರಿಗೆ ಸ್ವಲ್ಪ ರಿಯಾಯಿತಿ ಇದೆ. ಮುಂದೆ ಪೈಲಟ್‌ಗಳ ಕೊರತೆ ಕಾಡಿದಾಗ, 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಪ್ರಾದೇಶಿಕ ಕಂಪನಿಗಳು ಹೊಸಬರ ದರವನ್ನು ತಾತ್ಕಾಲಿಕ ಹೆಚ್ಚುವರಿ ಮೊತ್ತವೂ ಸೇರಿ ಗಂಟೆಗೆ 90 ಡಾಲರಿಗೆ ಏರಿಸಿದವು. ಕಾಲ್ಗನ್ ಕಾಲದಲ್ಲಿ ಇಂಥ ಕಂಪನಿಗಳಲ್ಲಿ ಇದರ ಕಾಲು ಭಾಗ ಸಿಕ್ಕರೆ ಹೆಚ್ಚು.

ಸಂಬಳದ ಚೀಟಿಯಲ್ಲಿ ಕಾಣದ ಇನ್ನೂ ಎರಡು ಸಂಗತಿಗಳಿವೆ. ಒಂದು, ನಿವೃತ್ತಿ ನಿಧಿ. ಪೈಲಟ್ ತಾನು ಒಂದು ಡಾಲರ್ ಹಾಕದಿದ್ದರೂ ಈ ಮೂರು ಕಂಪನಿಗಳು ಸಂಬಳದ ಶೇಕಡಾ 16ಕ್ಕಿಂತ ಹೆಚ್ಚು ಮೊತ್ತವನ್ನು ಅದಕ್ಕೆ ಕಟ್ಟುತ್ತವೆ. ಇನ್ನೊಂದು, ಸೇವಾ ಜ್ಯೇಷ್ಠತೆ, ಅಂದರೆ ಕಂಪನಿಗೆ ಸೇರಿದ ಸರದಿಯಂತೆ ಸಿಗುವ ಸಂಖ್ಯೆ. ಯಾವ ಊರು, ಯಾವ ವಿಮಾನ, ಯಾವ ಹಬ್ಬಕ್ಕೆ ರಜೆ ಎಂಬುದೆಲ್ಲ ಆ ಸಂಖ್ಯೆಯ ಮೇಲೆ ನಿಂತಿದೆ. ಕಂಪನಿ ಬದಲಿಸಿದರೆ ಮತ್ತೆ ಸಾಲಿನ ಕೊನೆಗೆ ಹೋಗಬೇಕು. ಆದ್ದರಿಂದ ಮೊದಲ ಆಯ್ಕೆಯೇ ಜೀವಮಾನದ ಆಯ್ಕೆಯಾಗಿಬಿಡಬಹುದು.

ಇನ್ನು ನಮ್ಮ ಮಕ್ಕಳ ವಿಷಯ. ಅಮೆರಿಕದ ಈ ಕಂಪನಿಗಳಲ್ಲಿ ಸೇರಲು ಅಲ್ಲಿ ದುಡಿಯುವ ಕಾಯಂ ಹಕ್ಕು ಇರಬೇಕು. ವಿದ್ಯಾರ್ಥಿ ವೀಸಾದಲ್ಲಿ ಹೋಗಿ ಕಲಿತವರಲ್ಲಿ ಹೆಚ್ಚಿನವರು ಹಿಂತಿರುಗಿ ಬರುತ್ತಾರೆ. ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಸಾಕು. ಆದರೆ ಬೆಂಗಳೂರಿನ ಜಕ್ಕೂರಿನಲ್ಲಿ ಕಲಿಯಲಿ, ಅರಿಜೋನಾದಲ್ಲಿ ಕಲಿಯಲಿ, ಪರವಾನಗಿಯ ಮೇಲೆ ಟೈಪ್ ರೇಟಿಂಗ್‌ನ ಖರ್ಚನ್ನೂ ಬಹಳಷ್ಟು ಸಂದರ್ಭಗಳಲ್ಲಿ ಮನೆಯವರೇ ಭರಿಸುತ್ತಾರೆ. ಕಂಪನಿಗಳೇ ಅಭ್ಯರ್ಥಿಗಳನ್ನು ಆರಿಸಿ ತರಬೇತಿಗೆ ಕಳಿಸುವ ಕೆಡೆಟ್ ಯೋಜನೆಗಳಲ್ಲಿ ಒಟ್ಟು ಖರ್ಚು ಒಂದು ಕೋಟಿ ರೂಪಾಯಿಯ ಹತ್ತಿರ ಹೋಗುವುದುಂಟು. ಹೊಲ ಅಡವಿಟ್ಟು, ಮನೆಯ ಮೇಲೆ ಸಾಲ ತೆಗೆದು ಕಟ್ಟುವ ಹಣವಿದು. ತನ್ನದೇ ವಿಮಾನ ನಡೆಸುವುದನ್ನು ಕಲಿಸಲು ಕಂಪನಿ ಕಲಿಯುವವನಿಂದಲೇ ಹಣ ಪಡೆಯುವುದು ಅನ್ಯಾಯ ಎಂದು ನಾನು ದೃಢವಾಗಿ ನಂಬುತ್ತೇನೆ.

ಹಾಗಾಗಿ ತಂದೆತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ತರಬೇತಿಯ ಅವಧಿಯಲ್ಲಿ ಸಂಬಳ ಎಷ್ಟು, ವಸತಿ ಯಾರದು, ಟೈಪ್ ರೇಟಿಂಗ್‌ನ ಹಣ ಯಾರದು, ಪರೀಕ್ಷೆಯಲ್ಲಿ ಒಮ್ಮೆ ಸೋತರೆ ಎರಡನೇ ಅವಕಾಶದ ಖರ್ಚು ಯಾರದು, ಎಷ್ಟು ವರ್ಷದ ಬಾಂಡ್ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಭಾರತದಲ್ಲಿ 2017ರ ನಿಯಮದಂತೆ ಸಹಪೈಲಟ್ ಕೆಲಸ ಬಿಡಲು ಆರು ತಿಂಗಳ ಮುಂಚಿತ ಸೂಚನೆ ಕೊಡಬೇಕು, ಕ್ಯಾಪ್ಟನ್ ಆದರೆ ಒಂದು ವರ್ಷ. ಸಾಲದ ಕಂತು ಯಾವ ತಿಂಗಳಿಂದ ಶುರುವಾಗುತ್ತದೆ, ಮೊದಲ ಸಂಬಳ ಯಾವ ತಿಂಗಳು ಬರುತ್ತದೆ ಎಂಬುದನ್ನು ಬ್ಯಾಂಕಿಗೆ ಹೋಗುವ ಮುನ್ನವೇ ಒಂದೇ ಹಾಳೆಯ ಮೇಲೆ ಬರೆದು ನೋಡಿ.

ನಮಸ್ಕಾರ.