ಎಚ್ಚರಿಕೆ ತಡವಾದರೆ

ಕೇಳುಗರೇ, ನಮಸ್ಕಾರ.

ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಓದೋಕೆ ಅಂತ ಅಮೆರಿಕಕ್ಕೆ ಹೋಗಿದ್ದಾರೆ. ಸೀಟು ಸಿಕ್ಕ ತಕ್ಷಣ ಫೀಸೆಷ್ಟು, ಊಟಕ್ಕೇನು ಮಾಡೋದು ಅಂತೆಲ್ಲ ವಿಚಾರಿಸುತ್ತೇವೆ. ಕ್ಯಾಂಪಸ್ಸಿನಲ್ಲಿ ಏನಾದರೂ ಅನಾಹುತ ಆದರೆ ಮಕ್ಕಳಿಗೆ ಸುದ್ದಿ ಹೇಗೆ ಮುಟ್ಟುತ್ತೆ ಅಂತ ಮಾತ್ರ ಕೇಳೋದಿಲ್ಲ. ಅದನ್ನೂ ಕೇಳಲೇಬೇಕು. ಯಾಕೆ ಅಂತ ಹೇಳುತ್ತೇನೆ.

2007ರ ಏಪ್ರಿಲ್ 16, ಸೋಮವಾರ. ವರ್ಜೀನಿಯಾ ರಾಜ್ಯದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿರುವ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ. ಬೆಳಗ್ಗೆ ಏಳೂಕಾಲರ ಹೊತ್ತಿಗೆ ಒಂದು ಹಾಸ್ಟೆಲಿನಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಗುಂಡೇಟು ಬಿತ್ತು. ಇಬ್ಬರೂ ಉಳಿಯಲಿಲ್ಲ. ಇದೇನೋ ಸ್ವಂತ ಜಗಳ ಇರಬೇಕು ಅಂತ ಪೊಲೀಸರು ಅಂದುಕೊಂಡರು. ಒಬ್ಬ ಯುವಕನ ಮೇಲೆ ಅನುಮಾನಪಟ್ಟು ಅವನ ಬೆನ್ನು ಹತ್ತಿದರು. ಅವನಿಗೂ ಆ ಕೊಲೆಗೂ ಸಂಬಂಧವೇ ಇರಲಿಲ್ಲ.

ಕ್ಯಾಂಪಸ್ಸಿಗೆ ಮೊದಲ ಇ-ಮೇಲ್ ಹೋದದ್ದು 9 ಗಂಟೆ 26 ನಿಮಿಷಕ್ಕೆ. ಎರಡು ಗಂಟೆಗೂ ಜಾಸ್ತಿ ಹೊತ್ತು ಕಳೆದಿತ್ತು. ಆ ಮೇಲಿನಲ್ಲಿ ಇದ್ದದ್ದಾದರೂ ಏನು? ಹಾಸ್ಟೆಲಿನಲ್ಲಿ ಗುಂಡು ಹಾರಿದೆ, ಪೊಲೀಸರು ತನಿಖೆ ಮಾಡುತ್ತಿದ್ದಾರೆ, ಎಚ್ಚರವಾಗಿರಿ ಅಂತ. ಕೊಲೆ ಅನ್ನುವ ಮಾತಿಲ್ಲ. ಗುಂಡು ಹಾರಿಸಿದವನು ಸಿಕ್ಕಿಲ್ಲ ಅನ್ನೋದಿಲ್ಲ. ಒಳಗೇ ಇರಿ, ಬಾಗಿಲು ಹಾಕಿಕೊಳ್ಳಿ ಅನ್ನೋದೂ ಇಲ್ಲ. ಅಷ್ಟರಲ್ಲಿ ಕ್ಲಾಸುಗಳು ಶುರುವಾಗಿದ್ದವು. ಪಾಠ ಕೇಳುತ್ತಾ ಕೂತವರು ಮೇಲ್ ತೆರೆದು ನೋಡುತ್ತಾರಾ?

9 ಗಂಟೆ 40ರ ಸುಮಾರಿಗೆ ಅದೇ ಕೊಲೆಗಾರ ನಾರಿಸ್ ಹಾಲ್ ಎಂಬ ಕಟ್ಟಡಕ್ಕೆ ನುಗ್ಗಿದ. ಅಲ್ಲಿ 30 ಜನ ಸತ್ತರು. ತಮಿಳುನಾಡಿನಿಂದ ಹೋಗಿ ಅಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್ ಲೋಗನಾಥನ್ ಅವರಲ್ಲೊಬ್ಬರು. ಪಾಠ ಮಾಡುತ್ತಿದ್ದಾಗಲೇ ಪ್ರಾಣ ಬಿಟ್ಟರು.

ರಾಜ್ಯಪಾಲರು ನೇಮಿಸಿದ ಸಮಿತಿ ವಿಚಾರಣೆ ಮಾಡಿದಾಗ ಒಂದು ವಿಷಯ ಹೊರಬಿತ್ತು. ಕ್ಯಾಂಪಸ್ ಪೊಲೀಸರು ತಾವಾಗಿಯೇ ಎಚ್ಚರಿಕೆ ಕಳಿಸುವ ಹಾಗೇ ಇರಲಿಲ್ಲ. ಮೇಲಧಿಕಾರಿಗಳು ಸಭೆ ಸೇರಬೇಕು, ಏನು ಬರೆಯಬೇಕು ಅಂತ ಚರ್ಚೆ ಆಗಬೇಕು. ನನ್ನ ಪ್ರಕಾರ ಇದೇ ದೊಡ್ಡ ತೊಡಕು. ಸಾಧನ ಎಷ್ಟೇ ಚೆನ್ನಾಗಿರಲಿ, ಗುಂಡಿ ಒತ್ತುವ ಅಧಿಕಾರ ಸ್ಥಳದಲ್ಲಿ ಇರುವವರ ಕೈಯಲ್ಲಿ ಇಲ್ಲದಿದ್ದರೆ ಏನು ಪ್ರಯೋಜನ?

ಅಮೆರಿಕದಲ್ಲಿ 1990ರಿಂದಲೇ ಕ್ಲೆರಿ ಕಾಯ್ದೆ ಇತ್ತು. ಕ್ಯಾಂಪಸ್ಸಿನ ಅಪರಾಧಗಳನ್ನು ಮುಚ್ಚಿಡಬಾರದು, ಸಕಾಲಕ್ಕೆ ಎಚ್ಚರಿಸಬೇಕು ಅಂತ ಅದು ಹೇಳುತ್ತಿತ್ತು. ಈ ದುರಂತದ ನಂತರ 2008ರಲ್ಲಿ ಅದನ್ನು ಬಿಗಿ ಮಾಡಿದರು. ಪ್ರಾಣಕ್ಕೆ ಅಪಾಯ ಇದೆ ಅಂತ ಖಚಿತವಾದ ಕೂಡಲೇ ಎಲ್ಲರಿಗೂ ತಿಳಿಸಬೇಕು ಅಂತಾಯಿತು. ವರ್ಜೀನಿಯಾ ಟೆಕ್ ಕೂಡ ಎಸ್ಸೆಮ್ಮೆಸ್, ಫೋನ್ ಕರೆ, ಇ-ಮೇಲ್, ಸೈರನ್, ಕ್ಲಾಸುಗಳಲ್ಲಿ ಅಕ್ಷರ ಮೂಡುವ ಬೋರ್ಡು, ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡಿತು. ಒಂದು ಕೈಕೊಟ್ಟರೆ ಇನ್ನೊಂದು ಇರಬೇಕಲ್ವಾ?

2011ರ ಡಿಸೆಂಬರ್ 8ರಂದು ಅದೇ ಕ್ಯಾಂಪಸ್ಸಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಹತ್ಯೆಯಾಯಿತು. 2007ರಲ್ಲಿ ಎಚ್ಚರಿಕೆ ತಡವಾಗಿದ್ದಕ್ಕೆ ವಿಶ್ವವಿದ್ಯಾಲಯಕ್ಕೆ ಹಾಕಿದ್ದ ದಂಡದ ಮೇಲಿನ ಮೇಲ್ಮನವಿ ವಾಷಿಂಗ್ಟನ್ನಿನಲ್ಲಿ ವಿಚಾರಣೆಗೆ ಬಂದಿದ್ದ ದಿನವೂ ಅದೇ. ಈ ಸಲ ಅರ್ಧ ಗಂಟೆಯೊಳಗೆ ಸಂದೇಶ ಹೋಯಿತು. ಎಲ್ಲಿ ಗುಂಡಿನ ಸದ್ದು ಕೇಳಿದೆ, ಒಳಗೇ ಇರಿ, ಬಾಗಿಲು ಭದ್ರ ಮಾಡಿಕೊಳ್ಳಿ ಅಂತ ಮೂರ್ನಾಲ್ಕು ಚುಟುಕು ಮಾತು, ಅಷ್ಟೇ.

ನಮ್ಮ ರಾಜ್ಯದಲ್ಲೂ 2023ರ ಅಕ್ಟೋಬರಿನಲ್ಲಿ ಎಲ್ಲರ ಮೊಬೈಲೂ ಜೋರಾಗಿ ಕೂಗಿದ್ದು ನೆನಪಿದೆಯಾ? ಅದು ಸರ್ಕಾರ ಮಾಡಿದ ಪರೀಕ್ಷೆ. ಆ ತಂತ್ರಜ್ಞಾನಕ್ಕೆ ಯಾರ ನಂಬರೂ ಬೇಕಿಲ್ಲ, ಟವರ್ ವ್ಯಾಪ್ತಿಯ ಫೋನುಗಳಿಗೆಲ್ಲ ಒಟ್ಟಿಗೇ ಹೋಗುತ್ತೆ. ಆದರೆ ಕಾಲೇಜಿನ ಎಸ್ಸೆಮ್ಮೆಸ್ಸು ಹಾಗಲ್ಲ. ಅದು ಕಾಲೇಜಿನಲ್ಲಿ ಬರೆಸಿಟ್ಟ ನಂಬರಿಗೆ ಮಾತ್ರ ಬರುತ್ತೆ. ಅಲ್ಲಿಗೆ ಹೋಗಿ ಹೊಸ ಸಿಮ್ ಹಾಕಿಕೊಂಡ ಮಕ್ಕಳು ಆ ನಂಬರನ್ನು ಕೊಟ್ಟಿದ್ದಾರಾ, ಇವತ್ತು ರಾತ್ರಿ ಫೋನ್ ಮಾಡಿದಾಗ ಒಂದು ಮಾತು ಕೇಳಿ.