ಟೊಳ್ಳು ಮೂಳೆಗೆ ತಿರುಪು ಕೂರುತ್ತದೆಯೇ?

ಕೇಳುಗರಿಗೆ ನಮಸ್ಕಾರ.

ಎಪ್ಪತ್ತರ ಹತ್ತಿರದ ತಾಯಿಯೊಬ್ಬರು ಮಗನ ಜೊತೆ ಬಂದಿದ್ದರು. ಬೆನ್ನು ಮುಂದಕ್ಕೂ ಎಡಕ್ಕೂ ಬಾಗಿತ್ತು. ಇಪ್ಪತ್ತು ಹೆಜ್ಜೆ ನಡೆದರೆ ಕಾಲು ಜೋಮು. ಆದರೆ ಅವರು ಮೊದಲು ಹೇಳಿದ್ದು ಅದನ್ನಲ್ಲ. "ಮೇಲಿನ ಗೂಡಿನ ಉಪ್ಪಿನಕಾಯಿ ಭರಣಿ ಕೈಗೆ ಸಿಗ್ತಿತ್ತು ಡಾಕ್ಟ್ರೇ, ಈಗ ಮೊಮ್ಮಗನ್ನ ಕರೀಬೇಕು" ಅಂದರು. ಎತ್ತರ ಇಳಿದಿದೆ ಎಂದರೆ ಬೆನ್ನೆಲುಬಿನ ಮಣಿಗಳು ಕುಸಿದಿರಬಹುದು. ಅದಕ್ಕೆ ಬೀಳಲೇಬೇಕೆಂದಿಲ್ಲ. ಮೂಳೆ ಟೊಳ್ಳಾಗಿದ್ದರೆ ತುಂಬಿದ ಬಿಂದಿಗೆ ಎತ್ತಿದರೂ ಸಾಕು, ಜೋರಾಗಿ ಕೆಮ್ಮಿದರೂ ಸಾಕು.

"ಸ್ಕ್ರೂ, ರಾಡ್ ಹಾಕಿ ನೆಟ್ಟಗೆ ಮಾಡ್ತಾರಂತಲ್ಲ ಸಾರ್, ಮಾಡಿಬಿಡಿ" ಅಂದ ಮಗ. ಮಾಡುತ್ತೇವೆ, ನಿಜ. ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗಾಗಿ ಅಮೆರಿಕದ ಪಾಲ್ ಹ್ಯಾರಿಂಗ್‌ಟನ್ ಕೊಕ್ಕೆ, ಸರಳುಗಳ ವಿಧಾನ ರೂಪಿಸಿ 1962ರಲ್ಲೇ ಪ್ರಕಟಿಸಿದ್ದರು. ಈಗ ಕೊಕ್ಕೆಯ ಜಾಗಕ್ಕೆ ಹೆಚ್ಚಾಗಿ ತಿರುಪು ಬಂದಿದೆ. ಆದರೆ ಅವು ಎಳೆಯರ ಮೂಳೆಗಳು.

ಆ ತಾಯಿಯ ಯಜಮಾನರು ಮರಗೆಲಸದ ಆಚಾರಿ. ಅಷ್ಟುಹೊತ್ತು ಸುಮ್ಮನಿದ್ದವರು, "ಗೆದ್ದಲು ತಿಂದ ಮರಕ್ಕೆ ತಿರುಪು ಕೂರಲ್ಲ ಸ್ವಾಮಿ, ತಿರುಗ್ತಾನೇ ಇರ್ತದೆ" ಅಂದರು. ನಾನು ಅರ್ಧ ಗಂಟೆಯಲ್ಲಿ ವಿವರಿಸಬೇಕಿದ್ದದ್ದು ಅಷ್ಟರಲ್ಲಿ ಮುಗಿಯಿತು.

ಗಟ್ಟಿ ಮೂಳೆಯಲ್ಲಿ ತಿರುಪಿನ ಕೊನೆಯ ಸುತ್ತುಗಳಿಗೆ ನಮ್ಮ ಮಣಿಕಟ್ಟು ನೋಯುತ್ತದೆ. ಟೊಳ್ಳು ಮೂಳೆಯಲ್ಲಿ ಥರ್ಮಾಕೋಲಿಗೆ ಚುಚ್ಚಿದಂತೆ ಹೊಕ್ಕುಬಿಡುತ್ತದೆ. ಆ ಸಲೀಸು ಕಂಡರೇ ನಮಗೆ ಭಯ. ಆಮೇಲೆ ತಿರುಪು ಸಡಿಲವಾಗಬಹುದು. ಇಲ್ಲವೇ ಸರಳು ಮುಗಿಯುವ ಕಡೆ, ಅದರ ಮೇಲಿನ ಮಣಿಯೇ ಕುಸಿದು ಹೊಸ ಗೂನು ಬರಬಹುದು.

ಹಾಗಾಗಿ ಮೂಳೆಯ ಆರೈಕೆ ಮೊದಲು, ಆಪರೇಷನ್ ಆಮೇಲೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಎನ್ನುತ್ತೇವೆ. ನಮ್ಮಲ್ಲಿ ಮಂಡಿನೋವಿಗೂ ಇದಕ್ಕೂ 'ಮೂಳೆ ಸವೆತ' ಎಂಬ ಒಂದೇ ಹೆಸರು, ಅದೇ ತಾಪತ್ರಯ. ಇನ್ನೊಂದು ಮೋಸವಿದೆ: ವಯಸ್ಸಾದ ಸೊಟ್ಟ ಬೆನ್ನಿನಲ್ಲಿ ಬೆಳೆದ ಮೂಳೆಮುಳ್ಳುಗಳಿಂದಾಗಿ ಅಂಕ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು. ಅದಕ್ಕೇ ಸೊಂಟದ ಕೀಲಿನ ಬಳಿಯೂ ಅಳೆಯಬೇಕು.

ವಿಟಮಿನ್ ಡಿ, ಕ್ಯಾಲ್ಸಿಯಂ ಕೊರತೆ ತುಂಬುವುದು, ಬೀಡಿ ಸಿಗರೇಟು ಬಿಡಿಸುವುದು ಇದ್ದದ್ದೇ. ಹೊಸ ಮೂಳೆ ಕಟ್ಟುವ ಟೆರಿಪಾರಟೈಡ್ ಎಂಬ ಇಂಜೆಕ್ಷನ್ ಇದೆ. ಇನ್ಸುಲಿನ್ ಹಾಗೆ ದಿನಾ ಚರ್ಮದಡಿ ಚುಚ್ಚಿಕೊಳ್ಳಬೇಕು. ದುಬಾರಿ, ಎಲ್ಲರಿಗೂ ಆಗದು. ಮೂಳೆಗೆ ರೇಡಿಯೇಶನ್ ಪಡೆದವರಿಗೆ ಕೊಡುವುದಿಲ್ಲ. ಆಪರೇಷನ್ನಿಗೆ ಕೆಲವು ತಿಂಗಳು ಮುಂಚೆಯೇ ಇದನ್ನು ಶುರುಮಾಡುತ್ತೇವೆ. 'ಡಾಕ್ಟರು ಸತಾಯಿಸ್ತಾರೆ' ಅನ್ನುವವರಿದ್ದಾರೆ, ಅನ್ನಲಿ. ಆದರೆ ಕಾಲಿನ ಬಲ ಕುಗ್ಗುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬೇಡಿ.

ಆಪರೇಷನ್ನಿನಲ್ಲೂ ಉಪಾಯಗಳಿವೆ. ಟೊಳ್ಳಾದ, ಪಕ್ಕದಲ್ಲಿ ರಂಧ್ರಗಳಿರುವ ತಿರುಪು ಕೂರಿಸಿ ಅದರೊಳಗಿಂದ ಮೂಳೆ ಸಿಮೆಂಟು ಬಿಡುತ್ತೇವೆ. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ ಹಿಡಿತ ಕೊಡುತ್ತದೆ. ಆದರೆ ಸೋರಿ ರಕ್ತನಾಳ ಹೊಕ್ಕರೆ ಪುಪ್ಪುಸದವರೆಗೂ ಹೋದೀತು. ಎಕ್ಸ್‌ರೇ ಪರದೆ ಮೇಲೆ ಕಣ್ಣಿಟ್ಟು, ಹನಿಹನಿಯಾಗಿ ಬಿಡುವ ಕೆಲಸವದು. ಎಪ್ಪತ್ತರ ಬೆನ್ನನ್ನು ಇಪ್ಪತ್ತರಂತೆ ನೆಟ್ಟಗೆ ಮಾಡುವ ಹಟವೂ ಬೇಡ. ನಿಂತಾಗ ನೋಟ ಎದುರಿಗೆ ಹೋಗಬೇಕು, ಅಷ್ಟೆ.

ಆ ತಾಯಿ ನಾಲ್ಕು ತಿಂಗಳು ಇಂಜೆಕ್ಷನ್ ತೆಗೆದುಕೊಂಡ ಮೇಲೆ ಆಪರೇಷನ್ ಆಯಿತು. ಬೆನ್ನು ಈಗಲೂ ತುಸು ಬಾಗಿದೆ. ಬೀದಿಯ ಕೊನೆಯ ದೇವಸ್ಥಾನಕ್ಕೆ ಒಬ್ಬರೇ ಹೋಗಿ ಬರುತ್ತಾರೆ. ಭರಣಿಯನ್ನು ಮಾತ್ರ ಯಜಮಾನರು ಕೆಳಗೊಂದು ಹೊಸ ಹಲಗೆ ಹೊಡೆದು ಅಲ್ಲಿಟ್ಟಿದ್ದಾರಂತೆ.

ನಮಸ್ಕಾರ.